ಕ್ರಿಯಾಪದಕ್ಕೆ ಮುಂಚೆ

ಗಣಿತದ ನೋಟ್‌ಬುಕ್ಕನ್ನು ತಲೆಕೆಳಗು ಮಾಡಿ
ಹಿಂದಿನ ಹಾಳೆಯಿಂದ ಶುರುವಿಟ್ಟುಕೊಂಡಿದ್ದಳು
ಎಂಟನೇ ಕ್ಲಾಸಿನ ದೇಚಮ್ಮ:
ಮಾಟಗಾರರು ಮಾತ್ರ ಆಡುವ ಒಂದು ಭಾಷೆ.
ನೂರಾ ಹದಿನೇಳು ಶಬ್ದ.
ಬೆಂಕಿಗೆ ಇರ್ಮ, ನೀರಿಗೆ ಒಸು,
ಜಿಗಣೆಗೆ ಮಾತ್ರ ಮೂರು:
ಹತ್ತುವ ಮೊದಲು, ಹತ್ತಿದಾಗ, ಕಿತ್ತ ಮೇಲೆ.
"ಶಬ್ದ ಎಲ್ಲಾ ಇದೆ ಸರ್, ಆದ್ರೆ ಏನೂ ಆಗ್ತಿಲ್ಲ,"
ಕೆಟ್ಟ ಟಾರ್ಚನ್ನು ರಿಪೇರಿಗೆ ತಂದವಳ ಹಾಗೆ ಅಂದಳು.

ನಾನು ಗಜೇಂದ್ರಗಡದವನು.
ಮಾದಾಪುರಕ್ಕೆ ವರ್ಗವಾಗಿ ಬಂದು ನಾಲ್ಕು ತಿಂಗಳು,
ಇಲ್ಲಿಯ ಮಂಜು ಇನ್ನೂ ನನ್ನ ಕನ್ನಡಕದ ಮೇಲೇ ಕೂರುತ್ತಿತ್ತು.
ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ
ತಾನಾಗಿ ವ್ಯಾಕರಣ ಕೇಳಿದ ಮೊದಲ ಮಗು.
ಹಿಗ್ಗಿನಲ್ಲಿ ಊರ ಮಾತು ಬಾಯಿಗೆ ಬಂತು:
"ಬರೇ ಶಬ್ದ ಅಂದ್ರ ಸಂತಿ ಚೀಟಿ, ತಂಗಿ.
ಅದನ್ನ ಓದಿದ್ರ ಉಳ್ಳಾಗಡ್ಡಿ ತಾನ ನಡಕೋತ ಚೀಲಕ್ಕ ಬರಂಗಿಲ್ಲ."

ಬೋರ್ಡಿನ ಮೇಲೆ ಸಂಧಿ ಬರೆದೆ.
ವರ್ಷವರ್ಷವೂ ಬರೆದದ್ದೇ,
ಅವತ್ತು ಯಾಕೋ ಸೀಮೆಸುಣ್ಣ ನಡುವೆ ನಿಂತಿತು.
ಲೋಪ: ಇದ್ದದ್ದು ಇಲ್ಲವಾಗುವುದು.
ಆಗಮ: ಕೈ, ಅನ್ನು, ಕೈಯನ್ನು.
ಆ ಯಕಾರ ಇಷ್ಟು ಹೊತ್ತು ಎಲ್ಲಿತ್ತು, ಯಾರು ಕರೆದರು?
ಆದೇಶ: ಮಳೆಯ ಪಕ್ಕದಲ್ಲಿ ನಿಂತ ತಪ್ಪಿಗೇ
ಕಾಲ ಹೋಗಿ ಗಾಲವಾಯಿತು.
ಇಷ್ಟು ದಿನ ಐದು ಅಂಕದ ಪ್ರಶ್ನೆ ಎಂದುಕೊಂಡೇ
ಮಾಟ ಕಲಿಸುತ್ತಿದ್ದೆನಲ್ಲ!

ಅವಳು ಪೆನ್ಸಿಲು ಕಚ್ಚುತ್ತ ಯೋಚಿಸಿದಳು.
"ಕ್ರಿಯಾಪದ ಕೊನೇಲಿ ಅಲ್ವ ಸರ್.
ಹಾಗಾದ್ರೆ ಅಲ್ಲೀತನಕ ಎಲ್ಲಾ ಕಾಯ್ಬೇಕು."
ಹೌದಲ್ಲ.
ಕಲ್ಲನ್ನು ಈ ದಡದಿಂದ ಆ ದಡಕ್ಕೆ ಮೆಲ್ಲಗೆ,
ಎನ್ನುವಷ್ಟರಲ್ಲಿ ಕಲ್ಲು ಉಸಿರು ಬಿಗಿಹಿಡಿದಿರುತ್ತದೆ.
ಎಸೆಯುತ್ತಾರೋ, ಇಡುತ್ತಾರೋ,
ದಾಟಿಸುವ ಹಾಗೆ ಮಾಡಿ ಸುಮ್ಮನಾಗುತ್ತಾರೋ.
ಮಾಟಗಾರನಿಗೆ ಮನಸ್ಸು ಬದಲಿಸಲು
ಭಾಷೆಯೇ ಕೊಟ್ಟ ಸಮಯ ಅದು.

ವಿಭಕ್ತಿ ಏಳೂ ಇರಲಿ ಅಂದೆ,
ಯಾರೂ ಮುಟ್ಟದ ಪಂಚಮಿಯೂ ಸೇರಿ.
ಒಪ್ಪಿದಳು. ಆಮೇಲೆ, ನೋಟ್‌ಬುಕ್ಕಿಗೆ ಹೇಳುವಂತೆ:
"ಬೆಟ್ಟಕ್ಕೆ ಪ್ರಥಮಾ ಬೇಡ ಸರ್."
ಬೆಟ್ಟವನ್ನು ಇರಲಿ. ಬೆಟ್ಟದಿಂದ, ಬೆಟ್ಟಕ್ಕೆ,
ಬೆಟ್ಟದಲ್ಲಿ, ಎಲ್ಲ ಇರಲಿ.
ಬೆಟ್ಟ ಕರ್ತೃ ಆಗಬಾರದು.

ನಾನು ನಕ್ಕೆ. ಮೇಷ್ಟ್ರಲ್ಲವೇ.
ನಾಮಪದಗಳಿಗೆಲ್ಲ ಒಂದೇ ನಿಯಮ,
ಅಪವಾದಕ್ಕೆ ಕಾರಣ ಬೇಕು ಎಂದು ಪಟ್ಟು ಹಿಡಿದೆ.
"ಬೆಟ್ಟ ನಿಂತಿದೆ ಅಂತಾದರೂ ಹೇಳಬಾರದೇನು?"
"ನಿಂತಿದೆ ಅಂತ ಹೇಳೋಕೆ ಬಂದ್ರೆ
ಇನ್ನೊಂದೂ ಹೇಳೋಕೆ ಬರುತ್ತಲ್ಲ ಸರ್."
ಬೆಲ್ಲು ಹೊಡೆಯಿತು.

ಸ್ಟಾಫ್ ರೂಮಿನಲ್ಲಿ ಇದನ್ನೊಂದು ತಮಾಷೆಯಾಗಿ ಹೇಳಿದೆ.
ಸಿಸಿಲಿಯಾ ಟೀಚರು ಟಿಫಿನ್ ಡಬ್ಬಿ ಮುಚ್ಚಿದರು.
"ಅವಳು ಜಂಬೂರಿನ ಹೊಸ ಮನೆಗಳ ಹುಡುಗಿ.
ಆ ವರ್ಷದ ಆಗಸ್ಟಿನಲ್ಲಿ, ಬೆಳಗಿನ ಜಾವ, ಅವರ ಮನೆಯನ್ನು,
ಹಟ್ಟಿಯನ್ನು, ಒಳಗಿದ್ದ ತಾತನನ್ನು..."
ಅಷ್ಟಕ್ಕೇ ಬಿಟ್ಟರು.
ಕರ್ತೃ ಇಲ್ಲ, ಕ್ರಿಯಾಪದವಿಲ್ಲ.
ಕಿಟಕಿಯಾಚೆಗಿನ ಹಸಿರಿನಲ್ಲಿ ಕೆಂಪು ಗೀರೊಂದು
ಇನ್ನೂ ಹುಲ್ಲು ಹಿಡಿಯದೆ ಇತ್ತು.
ನಾಲ್ಕು ತಿಂಗಳಿಂದ ಅದನ್ನು
ರಸ್ತೆ ಕೆಲಸ ಎಂದುಕೊಂಡಿದ್ದೆ.

ಮಾರನೆಯ ದಿನ ಅವಳ ನೋಟ್‌ಬುಕ್ಕಿನಲ್ಲಿ
ಪೆನ್ಸಿಲಿನಲ್ಲಿ ನಾನೇ ಬರೆದೆ:
ಅಪವಾದ. ಬೆಟ್ಟ ಶಬ್ದಕ್ಕೆ ಪ್ರಥಮಾ ವಿಭಕ್ತಿ ಇಲ್ಲ.
ಕೆಳಗೆ ಅಭ್ಯಾಸಬಲದಿಂದ, ಕಾರಣ, ಎಂದು ಬರೆದು
ಖಾಲಿ ಬಿಟ್ಟಿದ್ದೆ.

ಓದಿದಳು. ನನ್ನದೇ ಕೆಂಪು ಪೆನ್ನು ಇಸಿದುಕೊಂಡು
ಐದಕ್ಕೆ ನಾಲ್ಕು ಕೊಟ್ಟಳು.
"ಒಂದು ಯಾಕೆ ಕಡಿಮೆ?"
"ಕಾರಣ ಅಂತ ಬರ್ದಿದೀರಲ್ಲ, ಅದು ಬೇಡ."
ರಬ್ಬರು ತೆಗೆದು ಆ ಮೂರಕ್ಷರವನ್ನು
ಹಾಳೆ ಹರಿಯದಂತೆ ನಿಧಾನವಾಗಿ ಉಜ್ಜಿ,
"ಲೋಪ" ಎಂದು
ಪುಡಿಯನ್ನು ಊದಿದಳು.